ಸಿಎಸಿಎನ್‌ಎ೧ಸಿ ವಂಶವಾಹಿ

ಸಿಎಸಿಎನ್‌ಎ೧ಸಿ ಎಂಬುದು ಮಾನವನ ಹನ್ನೆರಡನೆಯ ವರ್ಣತಂತುವಿನಲ್ಲಿರುವ ಒಂದು ವಂಶವಾಹಿ. ಜೀವಕೋಶದ ಹೊರಪೊರೆಯಲ್ಲಿ ಕ್ಯಾಲ್ಸಿಯಂ ಅಯಾನುಗಳಿಗೆ ದಾರಿ ಕೊಡುವ 'ಕ್ಯಾವ್ ೧.೨' ಎಂಬ ವಾಹಿನಿಯ ಮುಖ್ಯ ಉಪಘಟಕವಾದ ಆಲ್ಫಾ-೧ಸಿ ಪ್ರೋಟೀನನ್ನು ಕಟ್ಟಲು ಬೇಕಾದ ಸೂಚನೆ ಇದರಲ್ಲಿ ಅಡಕವಾಗಿದೆ. ಹೃದಯದ ಬಡಿತ, ರಕ್ತನಾಳಗಳ ಬಿಗಿತ, ಇನ್ಸುಲಿನ್ ಸ್ರಾವ, ಮಿದುಳಿನ ಬೆಳವಣಿಗೆ ಇವೆಲ್ಲವೂ ಈ ವಾಹಿನಿಯನ್ನು ಅವಲಂಬಿಸಿವೆ. ಈ ವಂಶವಾಹಿಯ ಒಂದೇ ಒಂದು ಅಕ್ಷರ ಬದಲಾದುದರಿಂದ ಉಂಟಾಗುವ 'ಟಿಮೊತಿ ಸಿಂಡ್ರೋಮ್' ಎಂಬ ಅಪರೂಪದ ಕಾಯಿಲೆ ಮಕ್ಕಳ ಹೃದಯ, ಬೆರಳು, ಹಲ್ಲು, ಮಿದುಳುಗಳನ್ನು ಒಟ್ಟಿಗೇ ಬಾಧಿಸುತ್ತದೆ. ಇದೇ ವಾಹಿನಿಯನ್ನು ಭಾಗಶಃ ತಡೆಹಿಡಿಯುವ ಆಮ್ಲೋಡಿಪಿನ್‌ನಂತಹ ಔಷಧಗಳನ್ನು ಅಧಿಕ ರಕ್ತದೊತ್ತಡವುಳ್ಳ ಅಸಂಖ್ಯಾತ ಜನ ದಿನವೂ ಸೇವಿಸುತ್ತಾರೆ.

ಹೆಸರು ಮತ್ತು ನೆಲೆ

ಹೆಸರಿನ ಮೊದಲ ಅಕ್ಷರಗಳು ಕ್ಯಾಲ್ಸಿಯಂ ವಾಹಿನಿಯನ್ನೂ 'ಎ೧' ಎಂಬುದು ಆಲ್ಫಾ-೧ ಉಪಘಟಕವನ್ನೂ ಕಡೆಯ 'ಸಿ' ಅದರ ಬಗೆಯನ್ನೂ ಸೂಚಿಸುತ್ತವೆ. ಮಾನವನಲ್ಲಿ ಆಲ್ಫಾ-೧ ಉಪಘಟಕದ ವಂಶವಾಹಿಗಳು ಒಟ್ಟು ಹತ್ತು. ಅವುಗಳಲ್ಲಿ ನಾಲ್ಕು ಒಂದೇ ಕುಟುಂಬಕ್ಕೆ ಸೇರಿವೆ: ಎಲುಬಿಗೆ ಅಂಟಿದ ಸ್ನಾಯುಗಳಲ್ಲಿರುವ ಸಿಎಸಿಎನ್‌ಎ೧ಎಸ್, ಪ್ರಸ್ತುತ ಲೇಖನದ ಸಿಎಸಿಎನ್‌ಎ೧ಸಿ, ಒಳಕಿವಿ ಮತ್ತು ಹೃದಯದ ಗತಿನಿಯಾಮಕ ಕೋಶಗಳಲ್ಲಿ ಕೆಲಸಮಾಡುವ ಸಿಎಸಿಎನ್‌ಎ೧ಡಿ, ಕಣ್ಣಿನ ಅಕ್ಷಿಪಟಲದ ಸಿಎಸಿಎನ್‌ಎ೧ಎಫ್. ಒಮ್ಮೆ ತೆರೆದರೆ ಹೆಚ್ಚು ಹೊತ್ತು ತೆರೆದೇ ಇರುವ ಸ್ವಭಾವದಿಂದಾಗಿ ಈ ನಾಲ್ಕನ್ನೂ 'ಎಲ್ ಬಗೆಯ ವಾಹಿನಿಗಳು' ಎಂದು ಕರೆಯುವುದು ವಾಡಿಕೆ.

ವಂಶವಾಹಿ ಇರುವುದು ವರ್ಣತಂತುವಿನ ಕಿರುತೋಳಿನ ತುದಿಯ ಸಮೀಪದಲ್ಲಿ. ಇದು ಆರು ಲಕ್ಷಕ್ಕೂ ಹೆಚ್ಚು ಅಕ್ಷರಜೋಡಿಗಳಷ್ಟು ಉದ್ದವಾಗಿದ್ದರೂ ಪ್ರೋಟೀನಾಗಿ ಅನುವಾದಗೊಳ್ಳುವುದು ಅದರಲ್ಲಿ ನೂರಕ್ಕೆ ಸುಮಾರು ಒಂದು ಪಾಲು ಮಾತ್ರ. ಅನುವಾದಗೊಳ್ಳುವ ತುಣುಕುಗಳಿಗೆ 'ಎಕ್ಸಾನ್' ಎಂದು ಹೆಸರು. ಇಲ್ಲಿ ಐವತ್ತಕ್ಕೂ ಹೆಚ್ಚು ಎಕ್ಸಾನ್‌ಗಳಿವೆ. ಜೀವಕೋಶವು ಇವೆಲ್ಲವನ್ನೂ ಪ್ರತಿಸಲವೂ ಬಳಸುವುದಿಲ್ಲ. ಕೆಲವನ್ನು ಬಿಟ್ಟು, ಕೆಲವನ್ನು ಒಂದಕ್ಕೆ ಬದಲಾಗಿ ಇನ್ನೊಂದರಂತೆ ಹೆಣೆದು, ಹೃದಯಕ್ಕೊಂದು ರೂಪ, ರಕ್ತನಾಳಕ್ಕೊಂದು ರೂಪ, ಮಿದುಳಿಗೆ ಮತ್ತೊಂದು ರೂಪ ಎಂಬಂತೆ ಪ್ರೋಟೀನನ್ನು ತಯಾರಿಸಿಕೊಳ್ಳುತ್ತದೆ. ಎಂಟನೆಯ ಸ್ಥಾನದಲ್ಲಿ ಇಂತಹ ಎರಡು ಪರ್ಯಾಯಗಳಿವೆ: ಎಕ್ಸಾನ್ ೮ ಮತ್ತು ಎಕ್ಸಾನ್ ೮ಎ. ಒಂದು ಪ್ರತಿಯಲ್ಲಿ ಇವೆರಡರಲ್ಲಿ ಒಂದು ಮಾತ್ರ ಇರಬಲ್ಲುದು. ಟಿಮೊತಿ ಸಿಂಡ್ರೋಮಿನ ವಿಚಾರ ಬಂದಾಗ ಈ ಚಿಕ್ಕ ಸಂಗತಿಯೇ ದೊಡ್ಡದಾಗುತ್ತದೆ.

ವಾಹಿನಿಯ ರಚನೆ

ಜೀವಕೋಶದ ಹೊರಗೆ ಇರುವಷ್ಟು ಮುಕ್ತ ಕ್ಯಾಲ್ಸಿಯಂ ಒಳಗಿಲ್ಲ. ವಿಶ್ರಾಂತ ಸ್ಥಿತಿಯಲ್ಲಿ ಹೊರಗಿನ ಪ್ರಮಾಣ ಒಳಗಿನದಕ್ಕಿಂತ ಹತ್ತು ಸಾವಿರ ಪಟ್ಟು ಅಥವಾ ಅದಕ್ಕೂ ಹೆಚ್ಚು. ತುಂಬಿದ ಕೆರೆಯ ಏರಿಯ ಕೆಳಗೆ ಒಣಗಿದ ಗದ್ದೆ ಇದ್ದಂತೆ ಈ ಸನ್ನಿವೇಶ. ತೂಬನ್ನು ತೆರೆದರೆ ಸಾಕು, ನೀರನ್ನು ಯಾರೂ ತಳ್ಳಬೇಕಾಗಿಲ್ಲ. ಕ್ಯಾವ್ ೧.೨ ಅಂತಹ ಒಂದು ತೂಬು. ಕೋಶಪೊರೆಯ ವಿದ್ಯುತ್ ಸ್ಥಿತಿ ಬದಲಾದಾಗ ಅದು ತೆರೆದುಕೊಳ್ಳುತ್ತದೆ.

ಆಲ್ಫಾ-೧ಸಿ ಪ್ರೋಟೀನು ಎರಡು ಸಾವಿರಕ್ಕೂ ಹೆಚ್ಚು ಅಮೈನೊ ಆಮ್ಲಗಳ ಸರಪಳಿ. ಅದು ಪೊರೆಯನ್ನು ಇಪ್ಪತ್ತನಾಲ್ಕು ಬಾರಿ ಹಾದುಹೋಗುತ್ತದೆ. ಈ ಇಪ್ಪತ್ತನಾಲ್ಕು ಹಾಯುವಿಕೆಗಳು ಆರಾರರಂತೆ ನಾಲ್ಕು ಗುಂಪುಗಳಾಗಿ ವೃತ್ತಾಕಾರದಲ್ಲಿ ನಿಲ್ಲುತ್ತವೆ. ನಡುವೆ ಉಳಿಯುವ ರಂಧ್ರವೇ ಅಯಾನುಗಳ ಹಾದಿ. ಪ್ರತಿ ಗುಂಪಿನ ನಾಲ್ಕನೆಯ ಎಳೆಯಲ್ಲಿ ಧನ ವಿದ್ಯುದಂಶವುಳ್ಳ ಅಮೈನೊ ಆಮ್ಲಗಳು ಸಾಲಾಗಿವೆ. ಪೊರೆಯ ವಿದ್ಯುದ್ವಿಭವ ಬದಲಾದೊಡನೆ ಈ ಎಳೆಗಳು ಸರಿದು ಬಾಗಿಲನ್ನು ತೆರೆಯುತ್ತವೆ.

ರಂಧ್ರದ ಅತಿ ಕಿರಿದಾದ ಜಾಗದಲ್ಲಿ ಗುಂಪಿಗೊಂದರಂತೆ ನಾಲ್ಕು ಗ್ಲುಟಮೇಟ್‌ಗಳು ಕಾವಲಿವೆ. ಸೋಡಿಯಂ ಅಯಾನೂ ಕ್ಯಾಲ್ಸಿಯಂ ಅಯಾನೂ ಗಾತ್ರದಲ್ಲಿ ಹೆಚ್ಚುಕಡಿಮೆ ಸಮಾನ. ಮೇಲಾಗಿ ಕೋಶದ ಹೊರಗಿನ ದ್ರವದಲ್ಲಿ ಸೋಡಿಯಂ ಹಲವು ಪಟ್ಟು ಅಧಿಕ. ಹಾಗಿದ್ದರೂ ಒಳಹೋಗುವುದು ಕ್ಯಾಲ್ಸಿಯಮ್ಮೇ. ಎರಡು ಧನ ವಿದ್ಯುದಂಶಗಳುಳ್ಳ ಕ್ಯಾಲ್ಸಿಯಂ ಅಯಾನನ್ನು ಋಣ ವಿದ್ಯುದಂಶದ ಗ್ಲುಟಮೇಟ್‌ಗಳು ಬಿಗಿಯಾಗಿ ಹಿಡಿದುಕೊಳ್ಳುವುದರಿಂದ ಸೋಡಿಯಮ್ಮಿಗೆ ಎಡೆ ಸಿಗುವುದಿಲ್ಲ. ಹಿಂದಿನಿಂದ ಬರುವ ಇನ್ನೊಂದು ಕ್ಯಾಲ್ಸಿಯಂ ಅಯಾನು ಮುಂದಿನದನ್ನು ಒಳಕ್ಕೆ ನೂಕುತ್ತದೆ. ಇಷ್ಟು ಕಟ್ಟುನಿಟ್ಟಿನ ತಪಾಸಣೆಯ ನಡುವೆಯೂ ತೆರೆದ ವಾಹಿನಿಯೊಂದರ ಮೂಲಕ ಸೆಕೆಂಡಿಗೆ ಹತ್ತು ಲಕ್ಷದಷ್ಟು ಅಯಾನುಗಳು ದಾಟಬಲ್ಲವು.

ಆಲ್ಫಾ-೧ಸಿ ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಬೀಟಾ ಉಪಘಟಕವು ಅದನ್ನು ಪೊರೆಗೆ ತಲುಪಿಸಲು ನೆರವಾಗುತ್ತದೆ. ಆಲ್ಫಾ-೨-ಡೆಲ್ಟಾ ಹೊರಬದಿಯಲ್ಲಿ ಜೊತೆಗೂಡುತ್ತದೆ. ಪ್ರೋಟೀನಿನ ಬಾಲದ ತುದಿಗೆ ಕ್ಯಾಲ್ಮೊಡ್ಯುಲಿನ್ ಎಂಬ ಪುಟ್ಟ ಪ್ರೋಟೀನು ಅಂಟಿಕೊಂಡಿದ್ದು, ಒಳಬಂದ ಕ್ಯಾಲ್ಸಿಯಂ ಅದನ್ನು ಸೇರಿದೊಡನೆ ಬಾಗಿಲು ಮುಚ್ಚಿಕೊಳ್ಳತೊಡಗುತ್ತದೆ. ಅಂದರೆ ಒಳಬಂದ ಅತಿಥಿಯೇ ಕದವಿಕ್ಕುವ ಏರ್ಪಾಡು. ಇದಲ್ಲದೆ ವಿದ್ಯುದ್ವಿಭವವನ್ನೇ ಅವಲಂಬಿಸಿದ ಮುಚ್ಚುವಿಕೆಯ ಇನ್ನೊಂದು ವಿಧಾನವೂ ಉಂಟು. ಕಾಯಿಲೆಗಳ ದೃಷ್ಟಿಯಿಂದ ನೋಡಿದರೆ ಈ ವಾಹಿನಿ ತೆರೆಯುವ ಬಗೆಗಿಂತ ಮುಚ್ಚುವ ಬಗೆಯೇ ಹೆಚ್ಚು ಗಮನಾರ್ಹ.

ಹೃದಯದಲ್ಲಿ

ಹೃದಯದ ಕೋಣೆಗಳ ಸ್ನಾಯುಕೋಶಕ್ಕೆ ವಿದ್ಯುತ್ ಸಂಕೇತ ಬಂದಾಗ ಮೊದಲು ತೆರೆಯುವುದು ಸೋಡಿಯಂ ವಾಹಿನಿಗಳು. ಅವು ಕ್ಷಣಾರ್ಧದಲ್ಲಿ ಮುಚ್ಚಿಕೊಳ್ಳುತ್ತವೆ. ಅಷ್ಟರಲ್ಲಿ ಕ್ಯಾವ್ ೧.೨ ತೆರೆದು ಕ್ಯಾಲ್ಸಿಯಂ ಹರಿಯತೊಡಗುತ್ತದೆ. ನರಕೋಶದ ಸಂಕೇತ ಒಂದೆರಡು ಮಿಲಿಸೆಕೆಂಡುಗಳಲ್ಲಿ ಮುಗಿದರೆ ಹೃದಯಕೋಶದ ಸಂಕೇತ ಇನ್ನೂರು ಮುನ್ನೂರು ಮಿಲಿಸೆಕೆಂಡುಗಳವರೆಗೆ ನಿಲ್ಲುವುದು ಈ ಹರಿವಿನಿಂದಲೇ. ಹೃದಯ ತುಂಬಿ, ಒತ್ತಿ, ಖಾಲಿಯಾಗಲು ಅಷ್ಟು ಸಮಯ ಬೇಕು.

ಹೀಗೆ ಹೊರಗಿನಿಂದ ಬರುವ ಕ್ಯಾಲ್ಸಿಯಂ ಪ್ರಮಾಣ ಅಲ್ಪವೇ. ಅದು ಕೋಶದೊಳಗಿನ ಉಗ್ರಾಣದ ಬಾಗಿಲನ್ನು ತಟ್ಟುತ್ತದೆ. ಉಗ್ರಾಣದಿಂದ ಹೊರಬರುವ ಹೆಚ್ಚಿನ ಪ್ರಮಾಣದ ಕ್ಯಾಲ್ಸಿಯಂ ಸ್ನಾಯುವನ್ನು ಸಂಕುಚಿಸುತ್ತದೆ. ಹೆದರಿಕೆಯಾದಾಗ ಎದೆ ಜೋರಾಗಿ ಹೊಡೆದುಕೊಳ್ಳುವುದಕ್ಕೂ ಈ ವಾಹಿನಿಗೂ ನೇರ ಸಂಬಂಧವಿದೆ. ಅಡ್ರಿನಲಿನ್ ಪ್ರಭಾವದಿಂದ ಕ್ಯಾವ್ ೧.೨ರ ಹರಿವು ಹೆಚ್ಚುತ್ತದೆ. ಹೇಗೆ ಹೆಚ್ಚುತ್ತದೆಂಬುದು ದಶಕಗಳ ಕಾಲ ಬಗೆಹರಿಯದ ಪ್ರಶ್ನೆಯಾಗಿತ್ತು. ವಾಹಿನಿಗೆ ಕಡಿವಾಣದಂತಿರುವ 'ರ‍್ಯಾಡ್' ಎಂಬ ಪ್ರೋಟೀನನ್ನು ಅಡ್ರಿನಲಿನ್ ಸಂಕೇತ ಸಡಿಲಿಸುತ್ತದೆ ಎಂಬುದನ್ನು ೨೦೨೦ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು.

ಈ ವಂಶವಾಹಿಯನ್ನು ಸಂಪೂರ್ಣವಾಗಿ ತೆಗೆದುಹಾಕಿದ ಇಲಿಗಳು ಹುಟ್ಟುವುದೇ ಇಲ್ಲ. ಗರ್ಭದಲ್ಲಿಯೇ, ಹದಿನಾಲ್ಕನೆಯ ದಿನದ ಸುಮಾರಿಗೆ ಸಾಯುತ್ತವೆ.

ಇತರ ಅಂಗಗಳಲ್ಲಿ

ರಕ್ತನಾಳಗಳ ಗೋಡೆಯಲ್ಲಿರುವ ಅನೈಚ್ಛಿಕ ಸ್ನಾಯು ಎಷ್ಟು ಬಿಗಿದಿರಬೇಕೆಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಕ್ಯಾವ್ ೧.೨. ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳಲ್ಲಿ ಇನ್ಸುಲಿನ್ ಬಿಡುಗಡೆಗೆ ಅದು ನೆರವಾಗುತ್ತದೆ. ನರಕೋಶಗಳಲ್ಲಿ ಅದರ ಕೆಲಸ ಬೇರೆ ಬಗೆಯದು. ಅಲ್ಲಿ ಒಳಬಂದ ಕ್ಯಾಲ್ಸಿಯಂ ಕೋಶಕೇಂದ್ರಕ್ಕೆ ಸುದ್ದಿ ಮುಟ್ಟಿಸಿ ಕೆಲವು ವಂಶವಾಹಿಗಳನ್ನು ಚಾಲನೆಗೊಳಿಸುತ್ತದೆ. ಕಲಿಕೆಗೂ ನೆನಪಿಗೂ ಇದು ಅವಶ್ಯ. ಭ್ರೂಣದ ಮಿದುಳಿನಲ್ಲಿ ನರಕೋಶಗಳು ಹುಟ್ಟಿದ ಜಾಗದಿಂದ ನೆಲೆಸಬೇಕಾದ ಜಾಗಕ್ಕೆ ಸಾಗುವುದರಲ್ಲಿಯೂ ಇದರ ಪಾತ್ರವಿದೆ.

ಶೋಧದ ಹಾದಿ

ಹೃದಯಕ್ಕೆ ಕ್ಯಾಲ್ಸಿಯಂ ಬೇಕೆಂಬುದು ತಿಳಿದದ್ದು ನಲ್ಲಿಯ ನೀರಿನಿಂದ. ಲಂಡನ್ನಿನ ವೈದ್ಯ ಸಿಡ್ನಿ ರಿಂಗರ್ ಕಪ್ಪೆಯ ಹೃದಯವನ್ನು ಉಪ್ಪುನೀರಿನಲ್ಲಿಟ್ಟು ಪ್ರಯೋಗ ಮಾಡುತ್ತಿದ್ದನು. ಅದು ದೀರ್ಘಕಾಲ ಬಡಿಯುತ್ತಿತ್ತು. ಆದರೆ ಆ ದ್ರಾವಣವನ್ನು ಭಟ್ಟಿ ಇಳಿಸಿದ ನೀರಿನಿಂದಲ್ಲ, ಕೊಳಾಯಿ ನೀರಿನಿಂದ ತಯಾರಿಸಲಾಗಿತ್ತೆಂಬುದು ಆಮೇಲೆ ಗೊತ್ತಾಯಿತು. ಶುದ್ಧ ನೀರು ಬಳಸಿದಾಗ ಬಡಿತ ಸ್ವಲ್ಪ ಹೊತ್ತಿನಲ್ಲೇ ಕ್ಷೀಣಿಸಿತು. ಸುಣ್ಣದ ಲವಣ ಸೇರಿಸಿದಾಗ ಮರಳಿತು. ೧೮೮೩ರಲ್ಲಿ ಅವನು ಇದನ್ನು ಪ್ರಕಟಿಸಿದನು. ಆಸ್ಪತ್ರೆಗಳಲ್ಲಿ ರೋಗಿಗಳಿಗೆ ಏರಿಸುವ 'ರಿಂಗರ್ ಲ್ಯಾಕ್ಟೇಟ್' ದ್ರವದ ಹೆಸರಿನಲ್ಲಿ ಆತ ಇಂದಿಗೂ ಉಳಿದಿದ್ದಾನೆ.

೧೯೫೩ರಲ್ಲಿ ಪಾಲ್ ಫ್ಯಾಟ್ ಮತ್ತು ಬರ್ನಾರ್ಡ್ ಕಾಟ್ಸ್ ಏಡಿಯ ಸ್ನಾಯುವಿನಲ್ಲಿ ಸೋಡಿಯಂ ಇಲ್ಲದೆಯೂ ವಿದ್ಯುತ್ ಸಂಕೇತ ಹುಟ್ಟುವುದನ್ನು ಗಮನಿಸಿದರು. ೧೯೬೭ರಲ್ಲಿ ಹೆರಾಲ್ಡ್ ರಾಯ್ಟರ್ ಹೃದಯದ ಪುರ್ಕಿಂಜೆ ತಂತುಗಳಲ್ಲಿ ಕ್ಯಾಲ್ಸಿಯಂ ಪ್ರವಾಹವನ್ನು ಗುರುತಿಸಿದನು. ಅಷ್ಟರಲ್ಲಿ ಜರ್ಮನಿಯ ಫ್ರೈಬರ್ಗ್‌ನಲ್ಲಿ ಆಲ್ಬ್ರೆಕ್ಟ್ ಫ್ಲೆಕನ್‌ಸ್ಟೈನ್ ವೆರಪಾಮಿಲ್ ಮೊದಲಾದ ಔಷಧಗಳು ಕ್ಯಾಲ್ಸಿಯಂ ಕಿತ್ತುಕೊಂಡಂತೆಯೇ ಹೃದಯದ ಮೇಲೆ ಪರಿಣಾಮ ಬೀರುವುದನ್ನು ಕಂಡು ಅವನ್ನು ಕ್ಯಾಲ್ಸಿಯಂ ವಿರೋಧಿಗಳೆಂದು ಕರೆದಿದ್ದನು. ಔಷಧ ಮೊದಲು ಬಂದು ಅದು ಅಂಟುವ ಪ್ರೋಟೀನು ಆಮೇಲೆ ಸಿಕ್ಕಿದ್ದಕ್ಕೆ ಇದೊಂದು ಒಳ್ಳೆಯ ನಿದರ್ಶನ. ಆ ಔಷಧಗಳನ್ನೇ ಗಾಳದಂತೆ ಬಳಸಿ ಮೊಲದ ಸ್ನಾಯುವಿನಿಂದ ವಾಹಿನಿಯನ್ನು ಬೇರ್ಪಡಿಸಲಾಯಿತು. ಜಪಾನಿನ ಶೋಸಾಕು ನುಮಾ ಅವರ ತಂಡ ೧೯೮೭ರಲ್ಲಿ ಎಲುಬಿನ ಸ್ನಾಯುವಿನ ರೂಪದ, ೧೯೮೯ರಲ್ಲಿ ಹೃದಯದ ರೂಪದ ಅಮೈನೊ ಆಮ್ಲಗಳ ಅನುಕ್ರಮವನ್ನು ಪ್ರಕಟಿಸಿತು. ಇವೂ ಮೊಲದಿಂದಲೇ ಪಡೆದವು. ೨೦೧೫ರಲ್ಲಿ ಚೀನದ ನಿಯೆಂಗ್ ಯಾನ್ ಅವರ ತಂಡವು ಕುಟುಂಬದ ಮೊದಲ ಸದಸ್ಯನಾದ ಕ್ಯಾವ್ ೧.೧ರ ಇಡೀ ರಚನೆಯನ್ನು ಶೀತಲ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಚಿತ್ರಿಸಿದ ಮೇಲೆ ಕ್ಯಾವ್ ೧.೨ರ ವಿವರಗಳೂ ಸ್ಪಷ್ಟವಾಗುತ್ತ ಬಂದವು.

ವಾಹಿನಿಯ ಮೇಲೆ ವರ್ತಿಸುವ ಔಷಧಗಳು

ಆಮ್ಲೋಡಿಪಿನ್, ನಿಫೆಡಿಪಿನ್ ಮುಂತಾದವು ಮುಖ್ಯವಾಗಿ ರಕ್ತನಾಳಗಳ ಮೇಲೆ ಕೆಲಸ ಮಾಡುತ್ತವೆ. ವೆರಪಾಮಿಲ್ ಹೃದಯದ ಗತಿಯನ್ನೂ ತಗ್ಗಿಸುತ್ತದೆ. ಡಿಲ್ಟಿಯಾಜೆಮ್ ಇವೆರಡರ ನಡುವಿನದು. ಒಂದೇ ಪ್ರೋಟೀನಿಗೆ ಅಂಟುವ ಔಷಧಗಳಲ್ಲಿ ಈ ಭೇದ ಹೇಗೆ? ರಕ್ತನಾಳದ ಸ್ನಾಯುಕೋಶಗಳ ವಿದ್ಯುದ್ವಿಭವ ಹೃದಯಕೋಶಗಳಷ್ಟು ಋಣಾತ್ಮಕವಾಗಿರುವುದಿಲ್ಲ. ಆದ್ದರಿಂದ ಅಲ್ಲಿ ವಾಹಿನಿಗಳು ಹೆಚ್ಚು ಹೊತ್ತು ನಿಷ್ಕ್ರಿಯ ಸ್ಥಿತಿಯಲ್ಲಿರುತ್ತವೆ. ಆಮ್ಲೋಡಿಪಿನ್ ಗುಂಪಿನ ಔಷಧಗಳು ಆ ಸ್ಥಿತಿಗೇ ಸುಲಭವಾಗಿ ಅಂಟಿಕೊಳ್ಳುತ್ತವೆ. ವೆರಪಾಮಿಲ್ ಹಾಗಲ್ಲ; ಮೇಲಿಂದ ಮೇಲೆ ತೆರೆಯುತ್ತಿರುವ ವಾಹಿನಿಯ ರಂಧ್ರದೊಳಕ್ಕೇ ಹೊಕ್ಕು ಅಡ್ಡ ನಿಲ್ಲುತ್ತದೆ.

ಆಮ್ಲೋಡಿಪಿನ್ ರಕ್ತದಲ್ಲಿ ಅರ್ಧಕ್ಕಿಳಿಯಲು ೩೦ರಿಂದ ೫೦ ಗಂಟೆ ಬೇಕಾಗುವುದರಿಂದ ದಿನಕ್ಕೊಂದು ಮಾತ್ರೆ ಸಾಕಾಗುತ್ತದೆ. ಇದನ್ನು ಸೇವಿಸುವವರಲ್ಲಿ ಕೆಲವರ ಪಾದದ ಗಂಟು ಊದಿಕೊಳ್ಳುವುದುಂಟು. ಸಣ್ಣ ಅಪಧಮನಿಗಳು ಹಿಗ್ಗಿ, ಅಭಿಧಮನಿಗಳು ಅಷ್ಟಾಗಿ ಹಿಗ್ಗದೆ, ಲೋಮನಾಳಗಳಲ್ಲಿ ಒತ್ತಡ ಹೆಚ್ಚಿ ದ್ರವ ಹೊರಕ್ಕೆ ಜಿನುಗುವುದು ಅದಕ್ಕೆ ಕಾರಣ. ಮೂತ್ರಪಿಂಡ ಕೆಟ್ಟಿತೆಂದು ಹೆದರಿ ತಾವಾಗಿಯೇ ಮಾತ್ರೆ ನಿಲ್ಲಿಸುವವರಿದ್ದಾರೆ. ವೈದ್ಯರನ್ನು ಕೇಳುವುದೇ ಸರಿಯಾದ ಕ್ರಮ.

ಟಿಮೊತಿ ಸಿಂಡ್ರೋಮ್

ಹೃದಯದ ಲಯ ತಪ್ಪುವಿಕೆಯೂ ಕೂಡಿಕೊಂಡ ಬೆರಳುಗಳೂ ಒಂದೇ ಮಗುವಿನಲ್ಲಿ ಕಾಣುವುದನ್ನು ವೈದ್ಯರು ೧೯೯೦ರ ದಶಕದಲ್ಲಿಯೇ ಗುರುತಿಸಿದ್ದರು. ಕಾರಣ ತಿಳಿದದ್ದು ೨೦೦೪ರಲ್ಲಿ. ಇಗೊರ್ ಸ್ಪ್ಲಾವ್‌ಸ್ಕಿ, ಮಾರ್ಕ್ ಕೀಟಿಂಗ್ ಮತ್ತು ಸಂಗಡಿಗರು ಸಿಎಸಿಎನ್‌ಎ೧ಸಿ ವಂಶವಾಹಿಯ ಎಕ್ಸಾನ್ ೮ಎ ಭಾಗದಲ್ಲಿ 'ಜಿ' ಅಕ್ಷರವಿರಬೇಕಾದ ಒಂದು ಕಡೆ 'ಎ' ಇರುವುದನ್ನು ಕಂಡುಹಿಡಿದರು. ಈ ಮಕ್ಕಳ ಲಕ್ಷಣಗಳನ್ನು ಸೂಕ್ಷ್ಮವಾಗಿ ದಾಖಲಿಸಿದ್ದ ಕ್ಯಾಥರೀನ್ ಟಿಮೊತಿ ಅವರ ಹೆಸರನ್ನೇ ಕಾಯಿಲೆಗೆ ಇಡಲಾಯಿತು.

ಈ ಅಕ್ಷರಪಲ್ಲಟದಿಂದ ಪ್ರೋಟೀನಿನ ೪೦೬ನೆಯ ಸ್ಥಾನದಲ್ಲಿ ಗ್ಲೈಸಿನ್ ಹೋಗಿ ಆರ್ಜಿನೈನ್ ಬರುತ್ತದೆ. ಗ್ಲೈಸಿನ್ ಅಮೈನೊ ಆಮ್ಲಗಳಲ್ಲೆಲ್ಲ ಅತಿ ಚಿಕ್ಕದು. ಆರ್ಜಿನೈನ್ ದೊಡ್ಡದು, ಧನ ವಿದ್ಯುದಂಶವುಳ್ಳದ್ದು. ಜಾಗವೂ ಎಂಥದು: ಬಾಗಿಲಿನ ಒಳತುದಿ. ವಾಹಿನಿ ಎಂದಿನಂತೆ ತೆರೆಯುತ್ತದೆ, ಕ್ಯಾಲ್ಸಿಯಮ್ಮನ್ನೇ ಆರಿಸಿಕೊಳ್ಳುತ್ತದೆ, ಆದರೆ ವಿದ್ಯುದ್ವಿಭವಕ್ಕೆ ಓಗೊಟ್ಟು ಮುಚ್ಚಿಕೊಳ್ಳುವ ಶಕ್ತಿಯನ್ನು ಬಹುತೇಕ ಕಳೆದುಕೊಳ್ಳುತ್ತದೆ. ಹೃದಯಕೋಶದ ಸಂಕೇತ ಮುಗಿಯಬೇಕಾದಾಗ ಮುಗಿಯುವುದಿಲ್ಲ. ಇಸಿಜಿ ಪಟ್ಟಿಯಲ್ಲಿ ಇದು 'ಕ್ಯೂಟಿ' ಅಂತರ ಹಿಗ್ಗಿದಂತೆ ಕಾಣುತ್ತದೆ. ಹೃದಯದ ಹೃತ್ಕರ್ಣ ಎರಡು ಸಲ ಬಡಿದರೆ ಹೃತ್ಕುಕ್ಷಿ ಒಂದು ಸಲ ಮಾತ್ರ ಬಡಿಯುವುದೂ ನವಜಾತ ಶಿಶುಗಳಲ್ಲಿ ಕಂಡುಬರುತ್ತದೆ. ಲಯ ಪೂರ್ತಿಯಾಗಿ ತಪ್ಪಿದರೆ ಹಠಾತ್ ಮರಣ ಸಂಭವಿಸಬಹುದು. ೨೦೦೪ರ ಅಧ್ಯಯನದಲ್ಲಿದ್ದ ಹದಿನೇಳು ಮಕ್ಕಳಲ್ಲಿ ಹತ್ತು ಮಂದಿ ತೀರಿಕೊಂಡಿದ್ದರು. ಮರಣದ ಸರಾಸರಿ ವಯಸ್ಸು ಎರಡೂವರೆ ವರ್ಷ.

ಉಳಿದ ಲಕ್ಷಣಗಳು: ಕೈಬೆರಳು ಅಥವಾ ಕಾಲ್ಬೆರಳುಗಳು ಚರ್ಮದಿಂದ ಕೂಡಿಕೊಂಡಿರುವುದು, ತಗ್ಗಿದ ಮೂಗಿನ ಸೇತುವೆ, ಹುಟ್ಟುವಾಗ ತಲೆಗೂದಲಿಲ್ಲದಿರುವುದು, ಬೇಗನೆ ಹುಳುಕಾಗುವ ಚಿಕ್ಕ ಹಲ್ಲುಗಳು, ಪದೇ ಪದೇ ಸೋಂಕು, ರಕ್ತದಲ್ಲಿ ಸಕ್ಕರೆ ಇದ್ದಕ್ಕಿದ್ದಂತೆ ಇಳಿಯುವುದು. ಬದುಕುಳಿದ ಹಲವರಲ್ಲಿ ಮಾತು ಮತ್ತು ಬುದ್ಧಿಯ ಬೆಳವಣಿಗೆ ತಡವಾಗುತ್ತದೆ, ಆಟಿಸಂ ಕಾಣಿಸಿಕೊಳ್ಳುತ್ತದೆ.

ತಂದೆತಾಯಿಗಳಲ್ಲಿ ಸಾಮಾನ್ಯವಾಗಿ ಈ ದೋಷ ಇರುವುದಿಲ್ಲ. ಅದು ಮಗುವಿನಲ್ಲಿಯೇ ಹೊಸದಾಗಿ ಉಂಟಾಗಿರುತ್ತದೆ. ಗರ್ಭಿಣಿಯ ಆಹಾರವಾಗಲಿ ನಡವಳಿಕೆಯಾಗಲಿ ಗ್ರಹಣವಾಗಲಿ ಇದಕ್ಕೆ ಕಾರಣವಲ್ಲ. ಆದರೂ ತಂದೆ ಅಥವಾ ತಾಯಿಯ ಕೆಲವೇ ಜೀವಕೋಶಗಳಲ್ಲಿ ದೋಷ ಅಡಗಿದ್ದು, ಎರಡನೆಯ ಮಗುವಿನಲ್ಲಿಯೂ ಕಾಯಿಲೆ ಮರುಕಳಿಸಿದ ಉದಾಹರಣೆ ಇರುವುದರಿಂದ ಅಂತಹ ಕುಟುಂಬಕ್ಕೆ ಆನುವಂಶಿಕ ಸಲಹೆ ಅಗತ್ಯ.

ಈ ಕಾಯಿಲೆಯಲ್ಲಿ ಅತ್ಯಂತ ಎಚ್ಚರ ಬೇಕಾದ ಘಟ್ಟ ಅರಿವಳಿಕೆಯದು. ಕೂಡಿದ ಬೆರಳುಗಳನ್ನು ಬಿಡಿಸುವ ಶಸ್ತ್ರಚಿಕಿತ್ಸೆ ಸಾಮಾನ್ಯವಾದದ್ದು. ಕೂಡುಬೆರಳಿನ ಬಹುಪಾಲು ಮಕ್ಕಳಿಗೆ ಹೃದಯದ ತೊಂದರೆಯೇನೂ ಇರುವುದಿಲ್ಲ. ಆದರೆ ಟಿಮೊತಿ ಸಿಂಡ್ರೋಮ್ ಇರುವ ಮಗುವಿನಲ್ಲಿ ಅರಿವಳಿಕೆಯೇ ಮಾರಕ ಲಯದೋಷವನ್ನು ಪ್ರಚೋದಿಸಬಲ್ಲುದು. ಶಸ್ತ್ರಚಿಕಿತ್ಸೆಗೆ ಮುನ್ನ ತೆಗೆಯುವ ಒಂದು ಇಸಿಜಿ ಇದನ್ನು ಬಯಲು ಮಾಡುತ್ತದೆ. ಕ್ಯೂಟಿ ಅಂತರವನ್ನು ಹಿಗ್ಗಿಸುವ ಔಷಧಗಳನ್ನೂ ಈ ಮಕ್ಕಳಿಗೆ ಕೊಡುವಂತಿಲ್ಲ. ಅಜಿಥ್ರೋಮೈಸಿನ್, ಕ್ಲಾರಿಥ್ರೋಮೈಸಿನ್‌ನಂತಹ ಸಾಮಾನ್ಯ ಜೀವಿರೋಧಕಗಳು ಆ ಪಟ್ಟಿಯಲ್ಲಿರುವುದರಿಂದ, ಪದೇ ಪದೇ ಸೋಂಕಿಗೊಳಗಾಗುವ ಮಗುವಿನ ವಿಷಯದಲ್ಲಿ ಇದು ಕಾಗದದ ಮೇಲಿನ ಎಚ್ಚರಿಕೆಯಲ್ಲ. ಬೀಟಾ ತಡೆ ಔಷಧಗಳು, ಎದೆಯಲ್ಲಿ ಅಳವಡಿಸುವ ಲಯಸ್ಥಾಪಕ ಸಾಧನ ಇವು ಚಿಕಿತ್ಸೆಯ ಮುಖ್ಯ ಭಾಗ. ವಾಹಿನಿ ಮುಚ್ಚುತ್ತಿಲ್ಲವೆಂದ ಮೇಲೆ ವೆರಪಾಮಿಲ್ ಕೊಟ್ಟರೆ ಸಾಕಲ್ಲವೇ ಎಂದು ಯಾರಿಗಾದರೂ ತೋರಬಹುದು. ಅದನ್ನೂ ಪ್ರಯತ್ನಿಸಲಾಗಿದೆ, ಪ್ರಯೋಜನ ಎಲ್ಲರಲ್ಲಿಯೂ ಒಂದೇ ಸಮನಾಗಿ ಕಂಡಿಲ್ಲ.

೨೦೦೫ರಲ್ಲಿ ಕಾಯಿಲೆಯ ಎರಡನೆಯ ಬಗೆ ವರದಿಯಾಯಿತು. ಇದರಲ್ಲಿ ದೋಷವಿರುವುದು ಎಕ್ಸಾನ್ ೮ರಲ್ಲಿ. ಹೃದಯದಲ್ಲಿ ತಯಾರಾಗುವ ಪ್ರತಿಗಳಲ್ಲಿ ಸುಮಾರು ಐದನೆಯ ಒಂದು ಪಾಲು ೮ಎ ಇರುವಂಥವು, ಮಿಕ್ಕವು ೮ ಇರುವಂಥವು. ಹೀಗಾಗಿ ಎರಡನೆಯ ಬಗೆಯಲ್ಲಿ ಹೃದಯದ ತೊಂದರೆ ಹೆಚ್ಚು ತೀವ್ರ. ಕೂಡುಬೆರಳು ಮಾತ್ರ ಅದರಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ.

ಇತರ ಹೃದಯದ ಕಾಯಿಲೆಗಳು

ಇದೇ ವಂಶವಾಹಿಯ ಬೇರೆ ಕೆಲವು ದೋಷಗಳು ಹೃದಯಕ್ಕೆ ಮಾತ್ರ ಸೀಮಿತವಾದ ದೀರ್ಘ ಕ್ಯೂಟಿ ಸಿಂಡ್ರೋಮನ್ನು ಉಂಟುಮಾಡುತ್ತವೆ. ವಾಹಿನಿಯ ಹರಿವು ಕಡಿಮೆಯಾಗುವ ದೋಷಗಳನ್ನು ೨೦೦೭ರಲ್ಲಿ ಬ್ರುಗಾಡಾ ಸಿಂಡ್ರೋಮಿನೊಡನೆ ಜೋಡಿಸಲಾಗಿತ್ತು. ೨೦೧೮ರಲ್ಲಿ ಸಾಕ್ಷ್ಯಗಳನ್ನು ಮರುಪರಿಶೀಲಿಸಿದ ತಜ್ಞರು, ಬ್ರುಗಾಡಾಕ್ಕೆ ಕಾರಣವೆಂದು ಹೇಳಲಾಗಿದ್ದ ಅನೇಕ ವಂಶವಾಹಿಗಳಲ್ಲಿ ಎಸ್‌ಸಿಎನ್೫ಎ ಎಂಬ ಸೋಡಿಯಂ ವಾಹಿನಿಯ ವಂಶವಾಹಿಯೊಂದಕ್ಕೆ ಮಾತ್ರ ಖಚಿತ ಆಧಾರವಿದೆಯೆಂದು ತೀರ್ಮಾನಿಸಿದರು. ಹಳೆಯ ಪಟ್ಟಿಗಳನ್ನು ಓದುವಾಗ ಇದು ನೆನಪಿರಬೇಕು.

ಮನೋವ್ಯಾಧಿಗಳೊಡನೆ ಸಂಬಂಧ

೨೦೦೮ರಲ್ಲಿ ಪ್ರಕಟವಾದ ಒಂದು ಬೃಹತ್ ಅಧ್ಯಯನವು ಈ ವಂಶವಾಹಿಯ ಮೂರನೆಯ ಇಂಟ್ರಾನಿನಲ್ಲಿ, ಅಂದರೆ ಪ್ರೋಟೀನಾಗಿ ಅನುವಾದಗೊಳ್ಳದ ಭಾಗದಲ್ಲಿ, ಇರುವ ಒಂದು ಅಕ್ಷರಭೇದಕ್ಕೂ ಬೈಪೋಲಾರ್ ಕಾಯಿಲೆಗೂ ಸಂಬಂಧವನ್ನು ಕಂಡಿತು. ೨೦೧೩ರಲ್ಲಿ ಸ್ಕಿಜೋಫ್ರೇನಿಯಾ, ಬೈಪೋಲಾರ್, ತೀವ್ರ ಖಿನ್ನತೆ, ಆಟಿಸಂ, ಗಮನ ಕೊರತೆಯ ಚಟುವಟಿಕೆ ದೋಷ ಎಂಬ ಐದನ್ನೂ ಒಟ್ಟಿಗೆ ಪರಿಶೀಲಿಸಿದ ಅಂತರರಾಷ್ಟ್ರೀಯ ಅಧ್ಯಯನದಲ್ಲಿಯೂ ಕ್ಯಾಲ್ಸಿಯಂ ವಾಹಿನಿಯ ವಂಶವಾಹಿಗಳು ಎದ್ದು ಕಂಡವು.

ಇದನ್ನು ಟಿಮೊತಿ ಸಿಂಡ್ರೋಮಿನ ದೋಷದೊಂದಿಗೆ ಬೆರೆಸಿಕೊಳ್ಳಬಾರದು. ಅಲ್ಲಿ ಒಂದು ಅಕ್ಷರ ಬದಲಾದರೆ ಕಾಯಿಲೆ ಬಹುಮಟ್ಟಿಗೆ ನಿಶ್ಚಿತ. ಇಲ್ಲಿಯ ಭೇದ ಆರೋಗ್ಯವಂತರಲ್ಲಿಯೂ ಹೇರಳವಾಗಿದೆ. ೨೦೦೮ರ ಅಧ್ಯಯನದಲ್ಲಿ ಅದರಿಂದ ಹೆಚ್ಚಿದ ಸಂಭವ ಸುಮಾರು ೧.೧೮ ಪಟ್ಟು ಮಾತ್ರ. ಸಾವಿರ ಜನರಲ್ಲಿ ಹತ್ತು ಮಂದಿಗೆ ಬರುವ ಕಾಯಿಲೆ ಆ ಭೇದವಿರುವ ಸಾವಿರ ಜನರಲ್ಲಿ ಹನ್ನೆರಡು ಮಂದಿಗೆ ಬರಬಹುದು ಎಂದು ಇದರ ಸ್ಥೂಲ ಅರ್ಥ. ಉಳಿದ ೯೮೮ ಮಂದಿಗೆ ಬರುವುದಿಲ್ಲ. ಇಂತಹ ಒಂದು ಅಕ್ಷರವನ್ನು ನೋಡಿ ವ್ಯಕ್ತಿಯೊಬ್ಬನ ಮನಸ್ಸಿನ ಭವಿಷ್ಯ ಹೇಳುವುದು ಜಾತಕ ನೋಡಿ ಹೇಳುವುದಕ್ಕಿಂತ ಹೆಚ್ಚು ಭಿನ್ನವಲ್ಲ.

ಸಂಶೋಧನೆ

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸೆರ್ಜಿಯು ಪಾಶ್ಕಾ ಮತ್ತು ಸಂಗಡಿಗರು ಟಿಮೊತಿ ಸಿಂಡ್ರೋಮ್ ಇರುವವರ ಚರ್ಮದ ಕೋಶಗಳನ್ನು ಕಾಂಡಕೋಶಗಳಾಗಿ ಪರಿವರ್ತಿಸಿ, ಅವುಗಳಿಂದ ನರಕೋಶಗಳನ್ನು ಬೆಳೆಸಿ ೨೦೧೧ರಲ್ಲಿ ವರದಿಮಾಡಿದರು. ಮುಂದೆ ಇಂತಹ ಕೋಶಗಳಿಂದ ಮಿದುಳಿನ ಅಂಗಾಂಶವನ್ನು ಹೋಲುವ ಕಿರುಗೋಳಗಳನ್ನು ಬೆಳೆಸಿದಾಗ, ವಲಸೆ ಹೋಗುವ ನರಕೋಶಗಳು ಅಡಿಗಡಿಗೆ ಜಿಗಿಯುತ್ತಿದ್ದರೂ ಪ್ರತಿ ಜಿಗಿತ ಚಿಕ್ಕದಾಗಿ, ಒಟ್ಟಾರೆ ಹಿಂದುಳಿಯುವುದು ಕಂಡುಬಂತು.

ಎಳೆಯ ಮಿದುಳಿನಲ್ಲಿ ಎಕ್ಸಾನ್ ೮ಎ ಇರುವ ಪ್ರತಿಗಳು ಹೆಚ್ಚಾಗಿದ್ದು, ಬೆಳೆದಂತೆ ಎಕ್ಸಾನ್ ೮ರ ಪ್ರತಿಗಳು ಆ ಸ್ಥಾನವನ್ನು ಆಕ್ರಮಿಸುತ್ತವೆ. ಕಾಯಿಲೆಯ ಮೊದಲ ಬಗೆಯಲ್ಲಿ ಈ ಪಲ್ಲಟ ಸರಿಯಾಗಿ ನಡೆಯುವುದಿಲ್ಲ. ದೋಷವಿರುವುದು ೮ಎ ಭಾಗದಲ್ಲಿ ಮಾತ್ರವಾದ್ದರಿಂದ, ಜೀವಕೋಶವು ೮ಎ ಬಿಟ್ಟು ೮ನ್ನು ಬಳಸುವಂತೆ ಮಾಡಿದರೆ ದೋಷವಿಲ್ಲದ ಪ್ರೋಟೀನು ಸಿಗಬೇಕು. ೨೦೨೪ರಲ್ಲಿ ಅದೇ ತಂಡ ಸಂದೇಶವಾಹಕ ಆರ್‌ಎನ್‌ಎಗೆ ಅಂಟಿಕೊಳ್ಳುವ ಚಿಕ್ಕ ನ್ಯೂಕ್ಲಿಯಿಕ್ ಆಮ್ಲದ ತುಣುಕುಗಳಿಂದ ಇದನ್ನು ಸಾಧಿಸಿತು. ರೋಗಿಗಳ ಕೋಶಗಳಿಂದ ಬೆಳೆಸಿದ ಕಿರುಗೋಳಗಳನ್ನು ಇಲಿಗಳ ಮಿದುಳಿನಲ್ಲಿ ನೆಟ್ಟು, ಮಿದುಳುಬಳ್ಳಿಯ ದ್ರವಕ್ಕೆ ಔಷಧವನ್ನು ಚುಚ್ಚಿದಾಗ, ಆ ಮಾನವ ನರಕೋಶಗಳ ಕ್ಯಾಲ್ಸಿಯಂ ಹರಿವು ಸಹಜದತ್ತ ಮರಳಿತು. ಈ ಪ್ರಯೋಗ ನಡೆದದ್ದು ನರಕೋಶಗಳ ಮೇಲೆ. ಹೃದಯದ ಲಯದೋಷವನ್ನು ಅದು ಪರೀಕ್ಷಿಸಲಿಲ್ಲ. ಎಕ್ಸಾನ್ ೮ರಲ್ಲಿಯೇ ದೋಷವುಳ್ಳ ಎರಡನೆಯ ಬಗೆಯ ಮಕ್ಕಳಿಗೆ ೮ಎ ಬಿಟ್ಟು ೮ಕ್ಕೆ ಹೊರಳಿಸುವ ಈ ಉಪಾಯ ಸಲ್ಲದು.